ಉಮ್ಮನ ಕೈಗೆ ಗೊತ್ತಿದ್ದ ಅಡುಗೆಕೋಣೆ

ಅಡುಗೆಕೋಣೆಯನ್ನು ಒಡೆದು ಕಟ್ಟಿಸಲು ನನಗೆ ಇನ್ನೂರ ಹದಿನೆಂಟು ರೂಪಾಯಿ ತಗಲಿತು. ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸುಳ್ಯದ ಪೇಟೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಬೇರೆಯವರು ಮಾಡಿಸಿದ್ದರೆ ಮುನ್ನೂರಕ್ಕೆ ಕಡಿಮೆಯಾಗುತ್ತಿರಲಿಲ್ಲ. ಕಡಬದಲ್ಲಿ ಹಳೆಯ ಗೋದಾಮೊಂದನ್ನು ಕೆಡವುತ್ತಾರೆಂದು ಕೇಳಿ ಹಲಗೆಗಳನ್ನು ಅಲ್ಲಿಂದಲೇ ತಂದೆ. ಒಲೆಯ ಕಟ್ಟೆಗೆ ಮಾತ್ರ ಸಿಮೆಂಟು, ಉಳಿದದ್ದಕ್ಕೆಲ್ಲ ಸುಣ್ಣ.

ಇಷ್ಟು ಖರ್ಚು ಯಾಕೆಂದರೆ, ಕೋಣೆ ಇದ್ದದ್ದೇ ಎಂಟಡಿ ಉದ್ದ, ಆರಡಿ ಅಗಲ. ಎದುರಿಗೆ ನನ್ನ ಒಣಮೀನಿನ ಅಂಗಡಿ, ಹಿಂದೆ ಬಾವಿ, ಬದಿಯಲ್ಲಿ ನೆರೆಯವರ ಗೋಡೆ. ಯಾವ ಕಡೆಗೂ ಒಂದು ಗೇಣು ಹೆಚ್ಚು ಮಾಡುವ ಹಾಗಿರಲಿಲ್ಲ. ನನ್ನನ್ನು ಹೆತ್ತ ಉಮ್ಮ ಮತ್ತು ಹೆಂಡತಿ ಇಬ್ಬರೂ ಒಳಗೆ ಇದ್ದರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು. ಒಲೆ ನೆಲದ ಮೇಲೆಯೇ ಇತ್ತು. ನಮ್ಮ ಮೂರನೆಯ ಮಗು ಆಗ ತೆವಳಲು ಕಲಿತಿತ್ತು, ಬಿಟ್ಟರೆ ಸೀದಾ ಬೆಂಕಿಯ ಕಡೆಗೇ ಹೋಗುತ್ತಿತ್ತು.

ಒಣಮೀನನ್ನು ತಲೆಯ ಮೇಲೆ ಹೊತ್ತು ಕಲ್ಲುಗುಂಡಿಯವರೆಗೆ ನಡೆದು ಮಾರಿದವನು ನಾನು. ಮೂಟೆ ಬಿಚ್ಚುವ ಮೊದಲೇ ಅದರಲ್ಲಿ ಎಷ್ಟು ಹಾಳು ಉಂಟೆಂದು ಹೇಳುತ್ತಿದ್ದೆ. ಆರಡಿ ಅಗಲದ ಕೋಣೆ ನನಗೊಂದು ಲೆಕ್ಕವೇ ಅಲ್ಲವೆಂದು ತಿಳಿದಿದ್ದೆ.

ಕೆಲಸಕ್ಕೆ ರಂಜಾನಿಗೆ ಮುಂಚಿನ ತಿಂಗಳನ್ನು ಹಿಡಿದೆ. ನಮ್ಮ ಬ್ಯಾರಿಗಳಲ್ಲಿ ಮನೆಗೆ ಸುಣ್ಣ ಬಳಿಯುವುದು, ಚಾಪೆ ಒಗೆಯುವುದು, ಪಾತ್ರೆಗೆ ಕಲಾಯಿ ಹಾಕಿಸುವುದು ಎಲ್ಲ ಆಗಲೇ. ಉಪವಾಸ ಶುರುವಾಗುವ ಹೊತ್ತಿಗೆ ಮನೆ ಹೊಸತಾಗಿರಬೇಕು. ಧೂಳಿನಲ್ಲಿ ಉಮ್ಮನಿಗೆ ಕಷ್ಟವಾಗುತ್ತದೆಂದು ಅವಳನ್ನು ಆಲೆಟ್ಟಿಯ ನನ್ನ ತಂಗಿಯ ಮನೆಗೆ ಕಳುಹಿಸಿದೆ. ಬಂದು ನೋಡಿದಾಗ ಬೆರಗಾಗಲಿ ಎಂಬ ಆಸೆಯೂ ಇತ್ತು.

ಮೇಸ್ತ್ರಿ ಹಗ್ಗ ಹಿಡಿದು ಅಳೆದವನು ನಕ್ಕುಬಿಟ್ಟ. "ಬ್ಯಾರಿಗಳೇ, ಇದು ಅಡಿಗೆಕೋಣೆಯಾ, ಬೆಂಕಿಪೆಟ್ಟಿಗೆಯಾ?"

"ಬೆಂಕಿಪೆಟ್ಟಿಗೆಯಲ್ಲಿ ಐವತ್ತು ಕಡ್ಡಿ ಹಿಡಿಯುದಿಲ್ವಾ ಮಾರಾಯ? ಹಾಗೆ ಹಿಡಿಯುವ ಹಾಗೆ ಮಾಡಿ ಕೊಡು."

"ಕಡ್ಡಿಗೆ ಮೊಣಕೈ ಇಲ್ಲ, ನೆನಪಿರ್ಲಿ!"

ಒಲೆಯನ್ನು ಸೊಂಟದೆತ್ತರಕ್ಕೆ ಏರಿಸಿ, ಬಾಗಿಲಿನ ಬಲಮೂಲೆಗೆ ತಂದೆವು. ಹೊಗೆ ಹೋಗಲು ಅಲ್ಲಿ ಮಾಡಿನಲ್ಲಿ ದಾರಿ ಮಾಡುವುದು ಸುಲಭವಿತ್ತು. ಒಲೆಯ ಕೆಳಗೆ ಕಟ್ಟಿಗೆಯ ಗೂಡು. ಆ ಮೂಲೆಯಲ್ಲಿದ್ದ ನೀರಿನ ಹಂಡೆ ಬಾವಿಯ ಕಡೆಯ ಗೋಡೆಗೆ ಹೋಯಿತು. ಗೋಡೆಯಲ್ಲಿ ತೂತು ಕೊರೆದು ಕಲ್ಲಿನ ದೋಣಿ ಕೂರಿಸಿದೆವು. ಹೊರಗೆ ನಿಂತು ಸುರಿದ ನೀರು ಒಳಗೆ ಹಂಡೆಗೇ ಬೀಳುತ್ತಿತ್ತು, ಕೊಡಪಾನ ಹೊತ್ತು ಒಳಗೆ ಬರಬೇಕಾಗಿರಲಿಲ್ಲ. ಉಪ್ಪಿನ ಮರಿಗೆ, ಹುಳಿಯ ಭರಣಿ, ಮೆಣಸಿನ ಡಬ್ಬಿ ಎಲ್ಲ ನೆಲ ಬಿಟ್ಟು ಹಲಗೆ ಹತ್ತಿದವು.

ಹೆಂಡತಿ ಮಾತ್ರ ಹಿಂದೆಮುಂದೆ ನೋಡುತ್ತಿದ್ದಳು. "ಹಂಡೆ ಅಲ್ಲಿಯೇ ಇರ್ಲಿ ಅಲ್ವಾ? ಉಪ್ಪು ಕೂಡ. ಉಮ್ಮನಿಗೆ ಅಭ್ಯಾಸ."

"ಅಭ್ಯಾಸ ಎರಡು ದಿನದಲ್ಲಿ ಆಗ್ತದೆ. ಜಾಗ ಎರಡು ದಿನದಲ್ಲಿ ಹುಟ್ಟುದಿಲ್ಲ."

"ಉಮ್ಮ ಬಂದ ಮೇಲೆ ಒಂದು ಮಾತು ಕೇಳಿ..."

"ಕೂಲಿ ನೀನು ಕೊಡ್ತೀಯಾ?" ಎಂದೆ. ಅವಳು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಉಪವಾಸದ ಹಿಂದಿನ ದಿನ ಉಮ್ಮ ಬಂದಳು. ನಾನು ಕೈ ಹಿಡಿದು ಅಡುಗೆಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದೆ. ಅವಳು ದಾರಂದವನ್ನು ಮುಟ್ಟಿ ನಿಂತಳು.

"ಹೇಗುಂಟು?"

"ಚೆಂದ ಉಂಟು ಮೋನೇ. ಸುಣ್ಣದ ವಾಸನೆ ಬರ್ತಾ ಉಂಟು."

ಹಲಗೆಗಳ ಬಗ್ಗೆ ಒಂದು ಮಾತೂ ಇಲ್ಲವಲ್ಲ ಎಂದು ನನಗೆ ಸ್ವಲ್ಪ ಬೇಸರವಾಯಿತು. ಪ್ರಯಾಣದ ಆಯಾಸ ಇರಬೇಕು ಎಂದುಕೊಂಡೆ.

ಮರುದಿನ ಸಂಜೆಗೆ ಮುಂಚೆ, ಉಪವಾಸ ಬಿಡುವ ಗಂಜಿಗೆ ಅಕ್ಕಿ ತೊಳೆಯಲೆಂದು ಉಮ್ಮ ಒಳಗೆ ಹೋದಳು. ಆ ಗಂಜಿಯನ್ನು ನಮ್ಮ ಮನೆಯಲ್ಲಿ ಅವಳ ಹೊರತು ಯಾರೂ ಮಾಡಿದ್ದಿಲ್ಲ. ಹೆಂಡತಿ ಬಾವಿಯ ಹತ್ತಿರ ಇದ್ದಳು. ಉಮ್ಮ ಬಾಗಿಲು ದಾಟಿ, ಮೂವತ್ತು ವರ್ಷದಿಂದ ಮಾಡಿದ ಹಾಗೆಯೇ, ಹಂಡೆಯ ಮುಚ್ಚಳ ತೆಗೆಯಲು ಬಲಗೈ ಚಾಚಿದಳು. ಅಲ್ಲಿ ಒಲೆ ಇತ್ತು. ಒಲೆಯ ಮೇಲೆ ಕಾದ ಹೆಂಚಿತ್ತು.

ಅವಳು ಕೂಗಲಿಲ್ಲ. ನನಗೆ ಅಂಗಡಿಗೆ ಕೇಳಿಸಿದ್ದು ಅಕ್ಕಿಯ ಪಾತ್ರೆ ಬಿದ್ದ ಸದ್ದು. ಓಡಿ ಬಂದಾಗ ಹೆಂಡತಿ ಉಮ್ಮನ ಅಂಗೈಯನ್ನು ನೀರಿನಲ್ಲಿ ಅದ್ದಿ ಹಿಡಿದಿದ್ದಳು. ನೆಲದ ತುಂಬ ಅಕ್ಕಿ. ಗಾಬರಿಯಲ್ಲಿ ನಾನು ಎಲ್ಲರೂ ಬೈಯುವ ಹಾಗೆ ಬೈದೆ.

"ಉರಿಯುವ ಒಲೆಗೆ ಯಾರಾದ್ರೂ ಕೈ ಇಡ್ತಾರಾ? ಕಣ್ಣು ಕಾಣುದಿಲ್ವಾ ಉಮ್ಮಾ?"

ಹೆಂಡತಿ ತಲೆಯೆತ್ತದೆ, "ಕಾಣುದಿಲ್ಲ" ಎಂದಳು.

"ನೀನು ಬಾಯಿ ಮುಚ್ಚು. ನನಗೆ ಆಣೆ ಹಾಕಿದ್ದಿ" ಎಂದಳು ಉಮ್ಮ.

"ಹಾಕಿದ್ದೆ. ಇನ್ನು ಆಗುದಿಲ್ಲ ಉಮ್ಮ."

ಕಣ್ಣು ಮಂಜಾಗಲು ಶುರುವಾಗಿ ನಾಲ್ಕು ವರ್ಷ, ಪೂರ್ತಿ ಕತ್ತಲಾಗಿ ಎರಡು ರಂಜಾನ್ ಕಳೆದಿತ್ತಂತೆ. ಒಂದೇ ಸೂರಿನ ಕೆಳಗಿದ್ದ ನನಗೆ ಗೊತ್ತಿರಲಿಲ್ಲ. ಯಾವುದು ಎಲ್ಲಿಗೆ ಹೋಗಿದೆಯೆಂದು ಹೆಂಡತಿ ಹಿಂದಿನ ರಾತ್ರಿಯೇ ಹೇಳಿಕೊಟ್ಟಿದ್ದಳಂತೆ, ಆದರೆ ಉಮ್ಮನ ಕೈ ಹಳೆಯ ದಾರಿಯನ್ನೇ ಹಿಡಿದಿತ್ತು. ಉಮ್ಮ ಮುಸ್ಸಂಜೆಯಲ್ಲೂ ದೀಪ ಹಚ್ಚದೆ ಬೇಯಿಸುತ್ತಿದ್ದಳು. ಚಿಮಿಣಿ ಎಣ್ಣೆ ಉಳಿಸುವುದನ್ನು ನಮ್ಮ ಉಮ್ಮನನ್ನು ನೋಡಿ ಕಲಿಯಬೇಕು ಎಂದು ನಾನು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಹೊಗಳುತ್ತಿದ್ದೆ. ಅಕ್ಕಿಯ ಕಲ್ಲು ಆರಿಸುವುದನ್ನು ಅವಳು ಸೊಸೆಗೆ ಬಿಟ್ಟಾಗ, ವಯಸ್ಸಾಯಿತು, ಉದಾಸೀನ ಎಂದುಕೊಂಡಿದ್ದೆ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಎಂತ ಮಾಡ್ತಿದ್ದೆ? ನಿನ್ನ ಬಾಪನ ಉಮ್ಮನಿಗೆ ಮಾಡಿದ್ದನ್ನೇ ಮಾಡ್ತಿದ್ದೆ. ಕಣ್ಣು ಹೋಯ್ತು ಅಂತ ಗೊತ್ತಾದ ದಿನವೇ ಅವರನ್ನು ಚಾಪೆಯಲ್ಲಿ ಕೂರಿಸಿ ಕೈಗೆ ತಸ್ಬಿ ಮಣಿ ಕೊಟ್ರು. ಆಮೇಲೆ ಅವರನ್ನು ಯಾರೂ ಒಂದು ನೀರುಳ್ಳಿ ಕೂಡ ಕೊರೆಯಲಿಕ್ಕೆ ಬಿಡ್ಲಿಲ್ಲ. ನನಗೆ ಅದು ಬೇಡ ಮೋನೇ. ನನ್ನ ಕೈಗೆ ಎಲ್ಲ ಗೊತ್ತಿತ್ತು."

ಹಬ್ಬ ಕಳೆದ ಮೇಲೆ ಎಲ್ಲ ಒಡೆದು ಮೊದಲಿನ ಹಾಗೆಯೇ ಕಟ್ಟಿಸುತ್ತೇನೆ ಎಂದೆ. ಉಮ್ಮ ಒಪ್ಪಲಿಲ್ಲ.

"ಸೊಸೆಯ ಬೆನ್ನಿಗೆ ಈಗ ಸುಖ ಉಂಟು. ಮಗು ಬೆಂಕಿಗೆ ಹೋಗುದಿಲ್ಲ. ಇನ್ನು ಅವಳೇ ಅಲ್ವಾ ಬೇಯಿಸುವವಳು?"

ಹಾಗಾದರೆ ಹೊಸ ಜಾಗಗಳನ್ನೇ ಕಲಿಸುತ್ತೇನೆಂದು ಹೊರಟೆ. ಅವಳ ಎಡಗೈ ಹಿಡಿದು ಹಲಗೆ ಹಲಗೆಗೂ ಮುಟ್ಟಿಸಿದೆ. ಆದರೆ ಗೊತ್ತಿದ್ದ ಕೈ ಬಲಗೈ, ಅದು ಬಟ್ಟೆಯ ಒಳಗಿತ್ತು. ಎಡಗೈ ಒಲೆಯ ಬಿಸಿ ತಾಗಿದ ಕೂಡಲೇ ಹಿಂದಕ್ಕೆ ಬರುತ್ತಿತ್ತು. ಮೂರನೆಯ ದಿನ ಅವಳು, "ನಿನಗೆ ಅಂಗಡಿ ಇಲ್ವಾ? ಹೋಗು" ಎಂದಳು. ಗಾಯ ಮಾಗುವಷ್ಟರಲ್ಲಿ ಪೆರ್ನಾಳ್ ಬಂತು. ಹಬ್ಬದ ಅಡುಗೆಯನ್ನು ಹೆಂಡತಿ ಒಬ್ಬಳೇ ಮಾಡಿದಳು. ಚೆನ್ನಾಗಿಯೇ ಆಗಿತ್ತು. ಉಮ್ಮ ಒಳಕೋಣೆಯ ಚಾಪೆಯಲ್ಲಿ ಕೂತು ಉಂಡಳು.

ಪುತ್ತೂರಿನಲ್ಲಿ ಕಣ್ಣಿನ ಡಾಕ್ಟರರಿಗೆ ತೋರಿಸಿದೆ. ಅವರು ಬೆಳಕು ಬಿಟ್ಟು ನೋಡಿ, "ಮೊದಲೇ ಬಂದಿದ್ದರೆ ನೋಡಬಹುದಿತ್ತು" ಎಂದರು. ಉಮ್ಮ ಮತ್ತೆ ನಾಲ್ಕು ವರ್ಷ ಬದುಕಿದ್ದಳು. ಅಡುಗೆಕೋಣೆಯ ಹೊಸ್ತಿಲು ದಾಟಲಿಲ್ಲ. ಪ್ರತಿ ಸಂಜೆ ಒಗ್ಗರಣೆಯ ವಾಸನೆ ಬಂದಾಗ ಅವಳ ಬೆರಳುಗಳು ಮಡಿಲಿನಲ್ಲಿ ಸಣ್ಣಗೆ ಆಡುತ್ತಿದ್ದವು. ಹೆಂಡತಿ ನೀರುಳ್ಳಿ ಕೊರೆಯಲು ಕೊಟ್ಟರೆ, "ಈಗ ಬೇಡ" ಎನ್ನುತ್ತಿದ್ದಳು.

ಕೋಣೆಯ ಕೆಲಸದಲ್ಲಿ ತಪ್ಪಿರಲಿಲ್ಲ, ಅದನ್ನೂ ಹೇಳಬೇಕು. ನೋಡಿದ ಹತ್ತಾರು ಮಂದಿ ಅದೇ ಮಾದರಿಯಲ್ಲಿ ತಮ್ಮ ಮನೆಯಲ್ಲೂ ಮಾಡಿಸಿಕೊಂಡರು. ನನ್ನನ್ನು ಕೇಳಲು ಬಂದವರಿಗೆಲ್ಲ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹಲಗೆಯ ಅಗಲ ಒಂದು ಮೊಳ ಮೀರಬಾರದು. ಮೀರಿದರೆ ಹಿಂದಿನ ಡಬ್ಬಿ ಕೈಗೆ ಸಿಗುವುದಿಲ್ಲ, ಹಲ್ಲಿಗೆ ಮನೆಯಾಗುತ್ತದೆ. ಕಟ್ಟಿಗೆಯನ್ನು ಒಲೆಯ ಕೆಳಗೇ ಇಡಿ, ಮಳೆಗಾಲದಲ್ಲಿ ಒಣಗಿರುತ್ತದೆ. ಸುಣ್ಣಕ್ಕೆ ಮುಂಗಡ ಕೊಡಬೇಡಿ. ಇನ್ನು, ಬೇಯಿಸುವವರನ್ನು ಕೆಲಸದ ಸಮಯದಲ್ಲಿ ನೆಂಟರ ಮನೆಗೆ ಕಳುಹಿಸಬೇಡಿ. ಮೇಸ್ತ್ರಿ ಬರುವ ಮೊದಲು ಒಂದು ಪೂರ್ತಿ ದಿನ ಅಡುಗೆಕೋಣೆಯ ಬಾಗಿಲಲ್ಲಿ ಸುಮ್ಮನೆ ಕುಳಿತು ನೋಡಿ. ಅವರ ಕೈ ನೋಡದೆಯೇ ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲೆಲ್ಲ ಇದ್ದಿಲಿನಿಂದ ಗುರುತು ಹಾಕಿ. ಆ ಜಾಗಗಳನ್ನು ಬಿಟ್ಟು ಉಳಿದದ್ದನ್ನು ಎಷ್ಟು ಬೇಕಾದರೂ ಬದಲಾಯಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ಮೊದಲು ಅವರನ್ನು ಕಣ್ಣಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿ. ಮೇಸ್ತ್ರಿಗೆ ಮುಂದಿನ ವಾರ ಬರಲು ಹೇಳಿದರೆ ಸಾಕು, ಬರುತ್ತಾನೆ.