ದೇವದಾರಿನ ಬುಡದಲ್ಲಿಟ್ಟ ಕೋಟು

ಕುಮಾನೊ ಕಾಡಿನಲ್ಲಿ ಹಂದಿಬೇಟೆಗೆ ಗೆನ್ಸಾಕುವನ್ನು ಮೀರಿಸಿದವರಿರಲಿಲ್ಲ. ಅಂಥವನು ಐವತ್ತಕ್ಕೇ ಬಂದೂಕು ಕೊಟ್ಟುಬಿಟ್ಟು ಇದ್ದಿಲು ಸುಡಲು ಕೂತಾಗ, ಊರವರು ಮಂಡಿನೋವು ಎಂದುಕೊಂಡರು. ಊರವರಿಗೇನು, ಬಾಯಿಗೆ ಬಂದದ್ದು ಹೇಳುತ್ತಾರೆ.

ಅವನ ಬೇಟೆಯೆಲ್ಲ ನಾಮಿಯದು. ಬಿಳಿಯ ಕಿಶೂ ತಳಿಯ ಹೆಣ್ಣುನಾಯಿ. ಸುಮ್ಮಸುಮ್ಮನೆ ಬೊಗಳುವ ಜಾತಿಯಲ್ಲ. ಕಡಲತೀರದ ಊರಿನಿಂದ ಮದುವೆಯಾಗಿ ಬಂದ ಅವನ ಹೆಂಡತಿ ಹಮಾಯೊ, ಅಲೆ ಎಂಬ ಅರ್ಥದ ಈ ಹೆಸರನ್ನು ತವರಿನ ನೆನಪಿಗೆ ಇಟ್ಟಿದ್ದಳು. ಮಕ್ಕಳಿಲ್ಲದ ಮನೆಗೆ ನಾಮಿಯೇ ಮಗಳು.

ಅವನು ಬಂದೂಕು ಬಿಟ್ಟ ವರ್ಷದ ಜನವರಿಯಲ್ಲಿ ಗಾಯಗೊಂಡ ಹಂದಿಯ ಬೆನ್ನು ಹತ್ತಿದ ನಾಮಿ ಸಂಜೆಯಾದರೂ ಬರಲಿಲ್ಲ. ಗೆನ್ಸಾಕು ಕೂಗಿ ಕೂಗಿ ಹೊಳೆ ದಾಟಿ ಆಚೆ ಕಣಿವೆಯವರೆಗೂ ಅಲೆದ. ಕೊನೆಗೆ ಬೇಟೆಗಾರರೆಲ್ಲ ಮಾಡುವಂತೆ, ನಾಯಿಯನ್ನು ಬೇಟೆಗೆ ಬಿಟ್ಟ ದೇವದಾರಿನ ಬುಡದಲ್ಲಿ ತನ್ನ ಕೋಟು ಹಾಸಿ ಬಂದ. ತಪ್ಪಿಸಿಕೊಂಡ ನಾಯಿ ಬಿಟ್ಟ ಜಾಗಕ್ಕೇ ತಿರುಗಿ ಬರುತ್ತದೆ. ಒಡೆಯನ ವಾಸನೆ ಸಿಕ್ಕರೆ ಅದರ ಮೇಲೆಯೇ ಮಲಗಿ ಕಾಯುತ್ತದೆ. ಇದನ್ನು ಹೆಂಡತಿಗೆ ಹೇಳಲಿಲ್ಲ. ಬೆಟ್ಟದ ದೇವಿಗೆ ಹೆಂಗಸರೆಂದರೆ ಹೊಟ್ಟೆಕಿಚ್ಚು, ಬೇಟೆಯ ವಿಷಯ ಅವರೆದುರು ಬಾಯಿಬಿಡಬಾರದು. "ನಾಳೆ ಬರ್ತಾಳೆ ಬಿಡು" ಎಂದಷ್ಟೇ ಹೇಳಿ, ಚಳಿಜ್ವರದಲ್ಲಿ ಮಲಗಿಬಿಟ್ಟ.

ಎಚ್ಚರವಾದಾಗ ಬಿಸಿಲೇರಿತ್ತು. ಕೋಟು ಒಗೆದು ಬಿದಿರುಗಳದ ಮೇಲೆ ಹರವಿತ್ತು.

"ಏನ್ರೀ, ಈ ಚಳೀಲಿ ಮೈಮೇಲಿನ ಕೋಟು ಮರೆತು ಬರೋರನ್ನ ನಾನು ಎಲ್ಲೂ ನೋಡಿಲ್ಲಪ್ಪ!" ಎಂದಳು ಹಮಾಯೊ. "ಬೆಳಕು ಹರಿಯೋಕೆ ಮುಂಚೇನೇ ನಾಮೀನ ಹುಡುಕ್ಕೊಂಡು ಹೋಗಿದ್ದೆ. ಅವಳು ಸಿಗ್ಲಿಲ್ಲ, ಇದು ಸಿಕ್ತು."

ಅವನು ತಡಮಾಡದೆ ಎದ್ದ. ಜ್ವರದಲ್ಲೇ ಬೆಟ್ಟ ಹತ್ತಿದ. ಕೋಟು ಇದ್ದ ಜಾಗದಲ್ಲಿ ತೆಳ್ಳನೆಯ ಹಿಮವನ್ನೆಲ್ಲ ನಾಮಿ ಕೆದಕಿ ಹಾಕಿದ್ದಳು. ಅಲ್ಲಿಂದ ರಕ್ತದ ಹನಿಗಳ ಜೊತೆ ಅವಳ ಹೆಜ್ಜೆಗಳು, ಹಿಂದಿನ ಸಂಜೆ ಅವನು ಅವಳನ್ನು ಕೂಗುತ್ತ ಹೋದ ದಾರಿಯನ್ನೇ ಹಿಡಿದು ಕಣಿವೆಗಿಳಿದಿದ್ದವು. ಹೊಳೆಯವರೆಗೆ ಇದ್ದವು. ಆಚೆ ದಂಡೆಯಲ್ಲಿ ಒಂದೂ ಇರಲಿಲ್ಲ. ನೀರು ರಭಸವಾಗಿತ್ತು. ಗೆನ್ಸಾಕು ಅಲ್ಲೇ ಕುಸಿದು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಮನೆಗೆ ಬಂದಾಗ ಹಮಾಯೊ ಬಾಗಿಲಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ನಾಲಗೆ ತುದಿಯಲ್ಲಿದ್ದ ಕೋಟಿನ ಮಾತು, ಅವಳ ಮುಖ ನೋಡಿದ ಮೇಲೆ ಹೊರಡಲಿಲ್ಲ.

"ಹಂದಿ ಕೋರೆ ಹೊಟ್ಟೆಗೇ ಹೊಕ್ಕಿತ್ತು ಕಣೇ. ಅಲ್ಲೇ ಮಣ್ಣು ಮಾಡಿ ಬಂದೆ."

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಪ್ರಾಣ ಹೋಗೋವಾಗ ನೀವು ಹತ್ರ ಇದ್ರಾ?" ಎಂದು ಕೇಳಿದಳು.

"ಇದ್ದೆ."

"ಹಂಗಾದ್ರೆ ಸರಿ," ಎಂದು ಕಣ್ಣೊರೆಸಿಕೊಂಡಳು. "ನೀವು ಹತ್ರ ಇದ್ರೆ ಅವಳಿಗೆ ಯಾವ ಭಯಾನೂ ಇರ್ತಿರ್ಲಿಲ್ಲ."