ಕೆಮ್ಮಿದರೆ ಸಿಡಿಯುತ್ತಿದ್ದ ತಲೆ

ನೆಗಡಿ ಹೋಗಿ ಕೆಮ್ಮು ಉಳಿದಿತ್ತು. ಕೆಮ್ಮಿಗೆಲ್ಲ ಯಾರು ಹೆದರುತ್ತಾರೆ ಅಂತ ಸುಮ್ಮನಿದ್ದೆ. ಒಂದು ದಿನ ರೊಟ್ಟಿ ಬಡಿಯುತ್ತ ಕೆಮ್ಮಿದೆ ನೋಡಿ, ನೆತ್ತಿಯಿಂದ ಕುತ್ತಿಗೆಯವರೆಗೆ ತಲೆ ಸಿಡಿದೇ ಹೋಯಿತು ಅನ್ನಿಸಿತು. ಹಿಟ್ಟಿನ ಕೈಯಲ್ಲೇ ತಲೆ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ನೋವು ತಾನಾಗಿ ಇಳಿಯಿತು. ಮತ್ತೆ ಕೆಮ್ಮಿದೆ, ಮತ್ತೆ ಅದೇ. ತಲೆಯಲ್ಲಿ ಗಡ್ಡೆ ಎದ್ದಿದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಬಾಲಗಾಂವದ ನಮ್ಮ ಬೀಗರೊಬ್ಬರು ಅದರಲ್ಲೇ ಹೋಗಿದ್ದರು.

ಅತ್ತೆಯ ತೀರ್ಮಾನ ಬೇರೆ. "ಇದು ದೃಷ್ಟಿನ. ಡಫಳಾಪುರದ ಲಗ್ನಕ್ಕ ಆ ಹಸರ ಇಳಕಲ್ಲ ಸೀರಿ ಉಡಬ್ಯಾಡ ಅಂದಿದ್ದೆ!" ಒಣಮೆಣಸಿನಕಾಯಿ, ಉಪ್ಪು ನನ್ನ ಮೇಲೆ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ಇದೆ, ಬಂದರೆ ಹೋಯಿತು ಅಂತ ನಮ್ಮಲ್ಲಿ ನಂಬಿಕೆ. ಖಾರದ ಹೊಗೆ ಗಂಟಲಿಗೆ ಹೊಕ್ಕು ನಾನು ಕೆಮ್ಮಿ ಕೆಮ್ಮಿ ತಲೆ ಹಿಡಿದು ಹೊರಳಾಡುತ್ತಿದ್ದರೆ ಅತ್ತೆಗೆ ಹಿಗ್ಗೋ ಹಿಗ್ಗು. "ಹೋತು ನೋಡ!" ಮರುದಿನವೂ ನೋವು ಬಂತೆಂದು ಇನ್ನಷ್ಟು ಮೆಣಸಿನಕಾಯಿ. "ನಾನೇನ ಇಲಿ ಏನ್ರಿ ಅತ್ತಿ, ಹೊಗಿ ಹಾಕಾಕ?" ಎಂದು ಕೂಗಿ ಅದಕ್ಕೂ ಕೆಮ್ಮಿದೆ.

ಕೊನೆಗೆ ಮನೆಯವರು ಜತ್ತದ ಡಾಕ್ಟರ ಹತ್ತಿರ ಕರೆದೊಯ್ದರು. ಅತ್ತೆಯೂ ಬಂದರು.

"ಕೆಮ್ಮದ ಇದ್ದಾಗ ನೋಯತೈತೇನ್ರಿ? ಕಣ್ಣ ಮಂಜ ಆಗತಾವೇನ್ರಿ? ವಾಂತಿ?"

ಯಾವುದೂ ಇಲ್ಲ ಎಂದೆ.

"ಕೆಮ್ಮಿದಾಗ ತಲಿಯೊಳಗ ಒತ್ತಡ ಏರತೈತ್ರಿ. ಭಾಳ ಮಂದಿಗೆ ಇಷ್ಟರಾಗ ಮುಗೀತೈತಿ. ಆದ್ರ ಬ್ಯಾರೆ ಏನಿಲ್ಲಂತ ಒಮ್ಮೆ ಸ್ಕ್ಯಾನ್ ಮಾಡಿ ನೋಡೂಣು."

ಮಿರಜಿನಲ್ಲಿ ಆ ಯಂತ್ರದೊಳಗೆ ಮಲಗಿ ಹೊರದ ಹರಕೆಯಿಲ್ಲ. ರಿಪೋರ್ಟ್ ನೋಡಿ ಜತ್ತದ ಡಾಕ್ಟರು ನಕ್ಕರು. "ಗಡ್ಡಿ ಇಲ್ಲ, ಏನೂ ಇಲ್ರಿ. ಕೆಮ್ಮಿನ ಔಷಧ ಬಿಡಬ್ಯಾಡ್ರಿ, ಹೊಗಿಯಿಂದ ದೂರ ಇರ್ರಿ." ಅಬ್ಬಾ, ಎದೆಯ ಮೇಲಿನ ಬಂಡೆ ಇಳಿಯಿತು! ಹೊಗೆ ಅಂದಾಗ ಅತ್ತೆಯ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಕೆಮ್ಮು ದಿನದಿನಕ್ಕೆ ಕಡಿಮೆಯಾಯಿತು. ಒಂದು ಮಧ್ಯಾಹ್ನ ಅತ್ತೆ ಜೋಳ ಹಸನು ಮಾಡುವುದನ್ನು ಬಿಟ್ಟು ನನ್ನೆದುರು ಬಂದು ಕೂತರು.

"ಒಮ್ಮೆ ಕೆಮ್ಮ ನೋಡೂಣು."

"ಕೆಮ್ಮ ಬರವಲ್ದರಿ ಈಗ."

"ಸುಳ್ಳ ಸುಳ್ಳರೆ ಕೆಮ್ಮವಾ. ನನ್ನ ಮುಂದ ಜೋರಂಗ ಕೆಮ್ಮು."

ಕೆಮ್ಮಿದೆ. ಏನೂ ಆಗಲಿಲ್ಲ. "ನೋವಿಲ್ರಿ ಅತ್ತಿ," ಎಂದೆ.

ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. "ನಾನೂ ಗಡ್ಡಿ ಅಂತನ ತಿಳಿದಿದ್ದೆ ನನ್ನವ್ವಾ," ಎಂದು ಗಳಗಳ ಅತ್ತುಬಿಟ್ಟರು.