ಹೊರಸಿನ ಕೆಳಗಿನ ಕೆಂಡ

ಅವ್ವ ತೀರಿಕೊಂಡ ಮೇಲೆ ಇದು ಮೊದಲ ದೀಪಾವಳಿ. ಮನೆಯಲ್ಲಿ ಹಬ್ಬವಿಲ್ಲ. ಕೆಲಸವಿಲ್ಲದೆ ಕುಳಿತರೆ ರೋಣದ ತವರುಮನೆಯ ಸಣ್ಣ ಕೋಣೆ ನೆನಪಾಗುತ್ತದೆ. ನೆನಪಾದದ್ದನ್ನು ಬರೆದಿಡುತ್ತಿದ್ದೇನೆ.

ಐವತ್ತರ ದಶಕದ ಮಾತು. ಅಕ್ಕನನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು, ನನ್ನನ್ನು ನರಗುಂದಕ್ಕೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಅಕ್ಕ ದೀಪಾವಳಿಗೆ ಸ್ವಲ್ಪ ಮೊದಲು ಗಂಡುಮಗು ಹಡೆದಳು. ನಮ್ಮ ಕಡೆ ಬಾಣಂತಿಯನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿಸಿ ಕೆಳಗೆ ಕೆಂಡದ ಬೋಗುಣಿ ಇಡುತ್ತಿದ್ದರು. ಮೈಗೆ ಕಾವು ಸಿಗದಿದ್ದರೆ ಸನ್ನಿ ಹಿಡಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಗಾಳಿ ಬರದಂತೆ ಬಾಗಿಲನ್ನೂ ಮುಚ್ಚುತ್ತಿದ್ದರು. ಅವ್ವ ಆಗಾಗ ಹೋಗಿ ಹೊರಸಿನ ಕೆಳಗೆ ಅಂಗೈ ಚಾಚಿ ಕಾವು ನೋಡುತ್ತಿದ್ದಳು. ಹೆಚ್ಚಾಯಿತೆನಿಸಿದರೆ ಬೋಗುಣಿಯನ್ನು ಹೊರಗೆ ತಂದು ಕೆಂಡಕ್ಕೆ ನೀರು ಹಾಕಿಬಿಡುತ್ತಿದ್ದಳು.

ಲಕ್ಷ್ಮೀಪೂಜೆಯ ದಿನ ಮಾತ್ರ ಹಾಕಲಿಲ್ಲ. ಅಂದು ಮನೆಯ ಬೆಂಕಿಯನ್ನು ನೀರಿನಿಂದ ಆರಿಸಬಾರದು ಎಂಬ ರೂಢಿ ಇತ್ತು. ಅಜ್ಜಿ, ಎಂದರೆ ಅಪ್ಪನ ತಾಯಿ, ನೆನಪು ಮಾಡಿದಳು. ಅವ್ವ ಕೆಂಡದ ಮೇಲೆ ಬೂದಿ ಮುಚ್ಚಿ, ಬೋಗುಣಿಯನ್ನು ಹೊರಸಿನ ಕೆಳಗೇ ಬಿಟ್ಟು ಅಡಿಗೆಮನೆಗೆ ಹೋದಳು. ಎಣ್ಣೆಸ್ನಾನವಾದ ಅಕ್ಕನಿಗೆ ಗಾಢ ನಿದ್ದೆ. ನೋಡಲು ಬಂದವರಿಗೆ ತೋರಿಸಲೆಂದು ಕೂಸನ್ನು ಅಜ್ಜಿ ಪಡಸಾಲೆಗೆ ತಂದಿದ್ದಳು.

ಸುಟ್ಟ ವಾಸನೆ ನನಗೂ ಬಂತು. ಹಬ್ಬಕ್ಕೆ ನರಗುಂದದಿಂದ ಬಂದ ನಾನು ಅವ್ವನ ಪಕ್ಕದಲ್ಲಿ ಕರಜಿಕಾಯಿ ಲಟ್ಟಿಸುತ್ತಿದ್ದೆ.

“ಒಂದ ಸೀದೈತಿ ನೋಡು. ಮಾತಿನಾಗ ಮೈಮರೀಬ್ಯಾಡ್ರಿ” ಎಂದು ಅಜ್ಜಿ ಪಡಸಾಲೆಯಿಂದ ನಕ್ಕಳು.

ಅವ್ವ ಜಾಲರಿ ಸೌಟು ಹಾಕಿ ಎಣ್ಣೆಯಲ್ಲಿ ತಡಕಿ ನೋಡಿದಳು. ಯಾವುದೂ ಸೀದಿರಲಿಲ್ಲ. ಅತ್ತ ಅಕ್ಕನ ಕೋಣೆಯಲ್ಲಿ ಹೊರಸಿನಿಂದ ಜೋತುಬಿದ್ದ ಕೌದಿಯ ಅಂಚು ಬೂದಿಯೊಳಗಿನ ಕೆಂಡ ಮುಟ್ಟಿತ್ತು. ಬಾಗಿಲು ತೆರೆದಾಗ ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ. ದವಾಖಾನೆಗೆ ಒಯ್ದರೂ ಅಕ್ಕ ಉಳಿಯಲಿಲ್ಲ. ಕೂಸನ್ನು ಬೀಗರು ಗಜೇಂದ್ರಗಡಕ್ಕೆ ಒಯ್ದರು.

ಮರುವರ್ಷ ಅದೇ ಹಬ್ಬದ ಹೊತ್ತಿಗೆ ನಾನು ಅದೇ ಕೋಣೆಯಲ್ಲಿ ಬಾಣಂತಿಯಾಗಿದ್ದೆ. ಸೂಲಗಿತ್ತಿ ಕೆಂಡ ಕೇಳಿದಳು. ಅವ್ವ ಕೊಡಲಿಲ್ಲ. ಇಟ್ಟಿಗೆಗಳನ್ನು ಒಲೆಯಲ್ಲಿ ಕಾಸಿ, ಹಳೆಯ ಧೋತರದಲ್ಲಿ ಸುತ್ತಿ, ಮೊದಲು ತನ್ನ ಕೆನ್ನೆಗೆ ಹಿಡಿದು ನೋಡಿ ನನ್ನ ಬೆನ್ನಿಗೂ ಕಾಲಿಗೂ ಇಟ್ಟಳು. ಆರಿದರೆ ಮತ್ತೆ ಕಾಸಿ ತರುತ್ತಿದ್ದಳು. ದಿನವೆಲ್ಲ ಅದೇ ಓಡಾಟ.

ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, “ನಿನ್ನ ಮಗಳೇನ ಮೀನ ಹಡದಾಳೇನ, ತಂಪಿನಾಗ ಇಡಾಕ?” ಎಂದಳು. ಸೂಲಗಿತ್ತಿ ನಕ್ಕಳು. ಅಜ್ಜಿ ನಗಲಿಲ್ಲ.

“ಕೂಸಿಗೆ ಏನರ ಆದ್ರ?” ಎಂದು ಕೇಳಿದಳು.

“ತಪ್ಪ ನನ್ನ ಮ್ಯಾಲ ಹಾಕ್ರಿ, ಅತ್ತಿ.”

ನನಗೂ ಹೆದರಿಕೆಯಿತ್ತು. ಮಗಳು ಸೀನಿದರೆ ಸಾಕು, ಅವ್ವ ತಪ್ಪು ಮಾಡುತ್ತಿದ್ದಾಳೇನೋ ಎನಿಸುತ್ತಿತ್ತು. ಬೆಂಕಿಗೂ ಹೆದರುತ್ತಿದ್ದೆ, ಚಳಿಗೂ ಹೆದರುತ್ತಿದ್ದೆ. ಅವ್ವನಿಗೂ ಹಾಗೇ ಇದ್ದಿರಬೇಕು. ಕೂಸಿನ ಪಾದ ಬೆಚ್ಚಗಿವೆಯೋ ಎಂದು ಮತ್ತೆ ಮತ್ತೆ ಹಿಡಿದು ನೋಡುತ್ತಿದ್ದಳು.

ಲಕ್ಷ್ಮೀಪೂಜೆಯ ಸಂಜೆ ಅಡಿಗೆ ಮುಗಿಯಿತು. ಹಣತೆಗಳನ್ನೆಲ್ಲ ನೀರು ತುಂಬಿದ ಅಗಲ ಪರಾತದಲ್ಲಿಟ್ಟು ಹಚ್ಚಿದ ಅವ್ವ, ಕೊಡ ಎತ್ತಿಕೊಂಡು ಒಲೆಯ ಮುಂದೆ ಬಂದಳು.

“ಏ, ಹಬ್ಬದ ದಿನ ಬೆಂಕಿಗೆ ನೀರ ಹಾಕ್ತಾರೇನ? ಲಕ್ಷ್ಮಿ ಬರೂ ಹೊತ್ತು” ಎಂದಳು ಅಜ್ಜಿ.

“ಹ್ವಾದ ವರ್ಷ ಬೂದಿ ಮುಚ್ಚಿದ್ನಲ್ರಿ ಅತ್ತಿ. ಲಕ್ಷ್ಮಿ ಬಂದ್ಲೇನು? ಇದ್ದಾಕಿನ ಹ್ವಾದ್ಲು.”

ಒಲೆ ಚುರ್ರೆಂದದ್ದು ಕೋಣೆಯೊಳಗೆ ನನಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಜ್ಜಿ ತನ್ನ ಕೌದಿ ತಂದು ನನ್ನ ಮೇಲೆ ಹೊದಿಸಿದಳು. ಜೋತುಬಿದ್ದ ಅಂಚನ್ನು ಸುತ್ತಲೂ ಮೇಲಕ್ಕೆ ಮಡಿಚಿಟ್ಟಳು.

ನನಗೆ ಸನ್ನಿ ಹಿಡಿಯಲಿಲ್ಲ. ಮಗಳೂ ಬದುಕಿದಳು. ನಮ್ಮ ಮನೆಯಲ್ಲಿ ಹೊರಸಿನ ಕೆಳಗೆ ಮತ್ತೆಂದೂ ಕೆಂಡ ಇಡಲಿಲ್ಲ. ಆದರೆ ಅವ್ವನ ಅಂಗೈ ಅದನ್ನು ಮರೆಯಲಿಲ್ಲ. ಹಬ್ಬ ಹತ್ತಿರ ಬಂದರೆ ಖಾಲಿ ಹೊರಸಿನ ಕೆಳಗೂ ಬಗ್ಗಿ ನೆಲ ಮುಟ್ಟಿ ನೋಡುತ್ತಿದ್ದಳು. ನಾವು ಕಂಡರೆ, “ಸೂಜಿ ಬಿದ್ದೈತಿ” ಎನ್ನುತ್ತಿದ್ದಳು. ಅಕ್ಕನ ಹೆಸರೆತ್ತಿ ಅತ್ತದ್ದನ್ನು ನಾನು ನೋಡಲಿಲ್ಲ.

ಕಡೆಗಾಲದಲ್ಲಿ ಅವ್ವ ನರಗುಂದದಲ್ಲಿ ನನ್ನ ಬಳಿ ಇದ್ದಳು. ಹೋಗುವ ದಿನ ಮಧ್ಯಾಹ್ನ ಅವಳ ಕೈ ಮಂಚದಿಂದ ಕೆಳಗಿಳಿದು ತಡಕಾಡತೊಡಗಿತು.

“ಆರೈತೇನ?” ಎಂದಳು.

“ಆರೈತಬೇ. ನೀರ ಹಾಕೇನಿ.”

ನಂಬಲಿಲ್ಲ. ನನ್ನ ಕೈ ಹಿಡಿದು ಬೆರಳು ಸವರಿ, “ಒಣಾ ಅದಾವಲ್ಲ” ಎಂದಳು. ನಾನೆದ್ದು ತಂಬಿಗೆ ತುಂಬಿ ತಂದು ಮಂಚದ ಕೆಳಗೆ ಸುರಿದೆ. ಒದ್ದೆ ಕೈಯನ್ನು ಅವಳ ಅಂಗೈಯಲ್ಲಿಟ್ಟೆ. ಆಗ ಕಣ್ಣು ಮುಚ್ಚಿದಳು.

ಮಂದಿ ಬಂದು ಸೇರಿದಾಗ ನೆಲ ಇನ್ನೂ ಹಸಿಯಾಗಿತ್ತು. ಯಾರೋ ನೀರು ಚೆಲ್ಲಿದೆಯೆಂದು ಅರಿವೆ ತಂದರು. ಒರೆಸಬೇಡಿರಿ ಎಂದೆ.